ಕಂದುರೋಗವೂ ಗರ್ಭಿಣಿ ಸ್ತ್ರೀಯರೂ

(ವ್ಯವಸಾಯದ ಇನ್‌ಸ್ಪೆಕ್ಟರರೊಬ್ಬರಿಂದ)

ಆಕಳಾಗಲಿ ಎಮ್ಮೆಯಾಗಲಿ ತಿಂಗಳು ತುಂಬುವ ಮೊದಲೇ ಕಂದು ಹಾಕಿದರೆ ನಮ್ಮ ರೈತರು ಅದನ್ನು ಹಣದ ನಷ್ಟವೆಂದು ಮಾತ್ರ ಎಣಿಸುತ್ತಾರೆ. ಕರು ಹೋಯಿತು, ಆ ವರ್ಷದ ಹೈನು ಹೋಯಿತು, ಕೊಂಡ ಬೆಲೆ ಮೈಮೇಲೆ ಬಂದಿತು ಎಂದು ಲೆಕ್ಕ ಹಾಕಿ ಆ ವಿಷಯವನ್ನು ಅಲ್ಲಿಗೇ ಬಿಡುತ್ತಾರೆ. ಈ ನಷ್ಟವು ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದೇ ದಿನ ಆ ಕೊಟ್ಟಿಗೆಯನ್ನು ಬಳಿದವರು ಯಾರು, ಬಿದ್ದ ಕಂದನ್ನೂ ಕಸವನ್ನೂ ಬರಿಗೈಯಿಂದ ಎತ್ತಿ ತಿಪ್ಪೆಗೆ ಹಾಕಿದವರು ಯಾರು, ಅವರು ಆಗ ಬಸುರಿಯಾಗಿದ್ದರೇ ಎಂದು ಕೇಳಿದ ಯಜಮಾನರನ್ನು ನನ್ನ ಇಷ್ಟು ವರ್ಷಗಳ ತಿರುಗಾಟದಲ್ಲಿ ಬಹು ವಿರಳವಾಗಿ ಕಂಡಿದ್ದೇನೆ. ಈ ಲೇಖನವು ಆ ಪ್ರಶ್ನೆಗೆ ಸಂಬಂಧಪಟ್ಟದ್ದಾಗಿರುತ್ತದೆ.

ಹಿಂಗಾರಿ ಬಿತ್ತನೆಗೆ ಮುಂಚೆ ಜೋಳದ ಬೀಜೋಪಚಾರವನ್ನು ತೋರಿಸುವುದಕ್ಕಾಗಿ ರಾಯಚೂರು ಸೀಮೆಯ ಗುಂಜಹಳ್ಳಿಗೆ ಹೋಗಿದ್ದೆನು. ಕೆಲಸ ಮುಗಿದ ಮೇಲೆ ಅಲ್ಲಿಯ ಜಮೀನುದಾರರೊಬ್ಬರು ತಮ್ಮ ಎಮ್ಮೆಯನ್ನು ನೋಡಬೇಕೆಂದು ಮನೆಗೆ ಕರೆದೊಯ್ದರು. ನಾನು ಪಶುವೈದ್ಯನಲ್ಲವೆಂದರೂ ಬಿಡಲಿಲ್ಲ. ಹಳ್ಳಿಯವರಿಗೆ ಸರಕಾರದ ಮನುಷ್ಯನೆಂದರೆ ಬೆಳೆಗೂ ದನಕ್ಕೂ ಹೊಲದ ಅಳತೆಗೂ ಒಬ್ಬನೇ. ಎಮ್ಮೆಯು ಎಂಟನೆಯ ತಿಂಗಳಿನಲ್ಲಿ ಸತ್ತ ಕರುವನ್ನು ಹಾಕಿತ್ತು. ಕಸವು ಬೀಳದೆ ಮೂರು ದಿನ ಜೋತುಬಿದ್ದಿತ್ತು. ಎರಡು ತಿಂಗಳ ಹಿಂದೆ ಪಕ್ಕದ ಗೂಟದ ಆಕಳೂ ಹೀಗೆಯೇ ಮಾಡಿತ್ತಂತೆ. ಮನೆಯು ನಮ್ಮ ಕಡೆಯ ಹಳೆಯ ಪದ್ಧತಿಯದು. ತಲೆಬಾಗಿಲು ದಾಟಿದೊಡನೆ ದನಗಳು, ಅವುಗಳ ಬದಿಗೇ ಎತ್ತರದ ಪಡಸಾಲೆ, ಅದರಾಚೆ ಅಡಿಗೆಯ ಮನೆ. ಐದು ತಿಂಗಳ ಬಸುರಿಯಾದ ಸೊಸೆಯು ಬರಿಗಾಲಿನಲ್ಲಿ ನಿಂತು ಎಮ್ಮೆಯ ಹಿಂದಿನ ನೆಲವನ್ನು ಬಳಿಯುತ್ತಿದ್ದಳು. ಹತ್ತು ಹದಿನೈದು ದಿನಗಳಿಂದ ಸಂಜೆಯಾದರೆ ಆಕೆಗೆ ಜ್ವರ ಬರುತ್ತಿತ್ತೆಂದೂ, ರಾತ್ರಿ ಬೆವರಿ ಇಳಿಯುತ್ತಿತ್ತೆಂದೂ, ಅಂಗಡಿಯ ಗುಳಿಗೆ ಕೊಡುತ್ತಿದ್ದರೆಂದೂ ಆಮೇಲೆ ತಿಳಿಯಿತು.

ಯಜಮಾನರು ನನ್ನನ್ನು ಕೇಳಿದ್ದು ಒಂದೇ ಮಾತು, "ಇನ್ನು ಇದು ಹಾಲು ಕೊಡುತ್ತದೆಯೋ ಇಲ್ಲವೋ?" ಅವರ ಮನೆಯ ಹಿರಿಯ ಹೆಂಗಸು ಮಾತ್ರ ಪಡಸಾಲೆಯ ಮೇಲಿನಿಂದ ಬೇರೊಂದು ಮಾತನ್ನು ಹೇಳಿದರು: "ಹೋದ ವರ್ಷ ಇಕಿದೂ ಮೂರು ತಿಂಗಳಿಗೇ ಹೋತ್ರಿ. ಆವಾಗೂ ಎರಡು ಆಡು ಕಂದು ಹಾಕಿದ್ವು. ಯಾರ ಕಣ್ಣು ಬಿತ್ತೋ ಏನೋ." ಆ ಹಿಂದಿನ ಗರ್ಭವು ಕಂದುರೋಗದಿಂದಲೇ ಹೋಯಿತೆಂದು ನಾನು ಹೇಳಲಾರೆನು. ಆಗ ಯಾರ ರಕ್ತವನ್ನೂ ಯಾರೂ ಪರೀಕ್ಷಿಸಿರಲಿಲ್ಲ. ಆದರೆ ಆಡಿನ ಸಂಗತಿಯನ್ನೂ ಸೊಸೆಯ ಸಂಗತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಹಿರಿಯಳ ಬುದ್ಧಿಯು ನಮ್ಮೆಲ್ಲರಿಗಿಂತ ಸರಿಯಾದ ದಾರಿಯಲ್ಲಿತ್ತು.

ಕಂದುರೋಗಕ್ಕೆ ವೈದ್ಯರು ಬ್ರೂಸೆಲ್ಲೋಸಿಸ್ ಎಂದು ಹೆಸರಿಟ್ಟಿದ್ದಾರೆ. ಕಣ್ಣಿಗೆ ಕಾಣದ ಒಂದು ಸೂಕ್ಷ್ಮ ಕ್ರಿಮಿಯಿಂದ ಅದು ಉಂಟಾಗುತ್ತದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳು ತಿಂಗಳುಗಟ್ಟಲೆ ಏರಿಳಿಯುವ ಜ್ವರದಿಂದ ನರಳುತ್ತಿದ್ದಾಗ, ಡೇವಿಡ್ ಬ್ರೂಸ್ ಎಂಬ ಸೈನ್ಯದ ವೈದ್ಯನು ಸತ್ತವರ ಗುಲ್ಮದಲ್ಲಿ ಈ ಕ್ರಿಮಿಯನ್ನು ಕಂಡು 1887ರಲ್ಲಿ ಪ್ರಕಟಪಡಿಸಿದನು. ಅದು ಎಲ್ಲಿಂದ ಬರುತ್ತದೆಂಬುದು ಮುಂದೆ ಹದಿನೆಂಟು ವರ್ಷ ಗೊತ್ತಾಗಲಿಲ್ಲ. 1905ರಲ್ಲಿ ಅಲ್ಲಿನ ವೈದ್ಯನಾದ ಥೆಮಿಸ್ಟೊಕ್ಲಿಸ್ ಝಮ್ಮಿಟ್ ಎಂಬವನು, ನೋಡುವುದಕ್ಕೆ ಯಾವ ಬೇನೆಯೂ ಇಲ್ಲದ ಆಡುಗಳ ರಕ್ತವನ್ನು ಪರೀಕ್ಷಿಸಿ, ಜ್ವರದ ಮೂಲವು ಅವುಗಳಲ್ಲಿಯೇ ಇದೆಯೆಂದು ತೋರಿಸಿದನು. ಮರುವರ್ಷ ಸೈನ್ಯದವರು ಆಡಿನ ಹಾಲನ್ನು ನಿಷೇಧಿಸಿದೊಡನೆ ಸಿಪಾಯಿಗಳ ಜ್ವರವು ತಗ್ಗಿಹೋಯಿತು. ಇತ್ತ ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್ ಎಂಬವನು ಆಕಳುಗಳು ಕಂದು ಹಾಕುವುದಕ್ಕೆ ಕಾರಣವಾದ ಕ್ರಿಮಿಯನ್ನು 1897ರಲ್ಲಿ ಹಿಡಿದಿದ್ದನು. ಇವೆರಡೂ ಹತ್ತಿರದ ದಾಯಾದಿಗಳೆಂದು 1918ರಲ್ಲಿ ಅಮೆರಿಕದ ಆಲಿಸ್ ಎವಾನ್ಸ್ ಎಂಬ ವಿದುಷಿಯು ಬರೆದಾಗ ದೊಡ್ಡ ದೊಡ್ಡ ವಿದ್ವಾಂಸರು ನಂಬಲಿಲ್ಲ. ಕೆಲವು ವರ್ಷಗಳಲ್ಲಿ ಪ್ರಯೋಗಶಾಲೆಯಲ್ಲಿ ಆಕೆಗೇ ಆ ಜ್ವರವು ತಗಲಿತು. ಕುರಿ ಆಡುಗಳ ಕ್ರಿಮಿಯು ಮನುಷ್ಯರಲ್ಲಿ ಹೆಚ್ಚು ಉಗ್ರವಾದದ್ದು; ದನ ಎಮ್ಮೆಗಳದು ಅದಕ್ಕಿಂತ ಸ್ವಲ್ಪ ಸೌಮ್ಯ.

ದನಗಳಲ್ಲಿ ಇದರ ಲಕ್ಷಣಗಳನ್ನು ಚುಟುಕಾಗಿ ಹೇಳಬಹುದು. ಗರ್ಭದ ಕೊನೆಯ ಭಾಗದಲ್ಲಿ, ಎಂದರೆ ಐದನೆಯ ತಿಂಗಳು ಕಳೆದ ಮೇಲೆ, ಕಂದು ಬೀಳುತ್ತದೆ. ಕಸವು ಕೂಡಲೇ ಬೀಳದೆ ನಿಲ್ಲುತ್ತದೆ. ಕೆಲವು ದನಗಳ ಮೊಣಕಾಲು ಬಾತು ಮೆತ್ತಗಾಗುತ್ತದೆ. ಹೋರಿ, ಟಗರುಗಳ ಬೀಜ ಊದಿಕೊಳ್ಳುವುದುಂಟು. ಇಲ್ಲಿ ಒಂದು ಮೋಸವಿದೆ. ಒಂದೆರಡು ಸಲ ಕಂದು ಹಾಕಿದ ಆಕಳು ಮುಂದಿನ ಸಲ ಸರಿಯಾಗಿ ಈಯುತ್ತದೆ. ರೈತನು ಬೇನೆ ಹೋಯಿತೆಂದು ತಿಳಿಯುತ್ತಾನೆ. ನಿಜವಾಗಿ ಅದು ಎಲ್ಲಿಯೂ ಹೋಗಿರುವುದಿಲ್ಲ. ಹಾಲಿನಲ್ಲಿಯೂ ಈದಾಗಿನ ನೀರಿನಲ್ಲಿಯೂ ಕ್ರಿಮಿಗಳು ಹೊರಬೀಳುತ್ತಲೇ ಇರುತ್ತವೆ. ಕಂದು ಹಾಕಿದ ದನವನ್ನು ಆ ಮಾತು ಮುಚ್ಚಿಟ್ಟು ಸಂತೆಗೆ ಹೊಡೆಯುವ ವಾಡಿಕೆಯು ನಮ್ಮಲ್ಲಿ ಇದೆ. ಹೀಗೆ ಮಾರಿದವನು ದನದೊಡನೆ ರೋಗವನ್ನೂ ಮತ್ತೊಬ್ಬರ ಕೊಟ್ಟಿಗೆಗೆ ದಾಟಿಸುತ್ತಾನೆ. ಆ ಕೊಟ್ಟಿಗೆಯನ್ನು ಬಳಿಯುವ ಹೆಂಗಸು ಯಾರೆಂಬುದು ಅವನಿಗೆ ಗೊತ್ತಿರುವುದಿಲ್ಲ.

ಬಿದ್ದ ಕಂದು, ಕಸ ಮತ್ತು ಅದರೊಡನೆ ಬರುವ ನೀರು, ಇವುಗಳಲ್ಲಿ ಕ್ರಿಮಿಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಕೈಕಾಲಿನ ಗಾಯ, ಬಿರಿದ ಹಿಮ್ಮಡಿ, ಕಣ್ಣು ಬಾಯಿ ಮೂಗು, ಎಲ್ಲಿಂದ ಬೇಕಾದರೂ ಅವು ಒಳಹೊಗುತ್ತವೆ. ಬಿಸಿಲಿಗೆ ಅವು ಬೇಗ ಸಾಯುತ್ತವೆ. ಆದರೆ ನೆರಳಿನ ತಂಪಾದ ನೆಲದಲ್ಲಿಯೂ ತಿಪ್ಪೆಯ ಹಸಿಯಲ್ಲಿಯೂ ತಿಂಗಳುಗಟ್ಟಲೆ ಬದುಕಬಲ್ಲವು. ಹಾಲಿನ ಮುಖಾಂತರವೂ ಬರುತ್ತವೆ. ಮನುಷ್ಯರಲ್ಲಿ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಮತ್ತು ಕೀಲುಗಳ ನೋವು, ನಿಶ್ಶಕ್ತಿ ಇವು ಮುಖ್ಯ ಲಕ್ಷಣಗಳು. ಮಲೇರಿಯಾ, ಟೈಫಾಯಿಡ್, ಕ್ಷಯಗಳಿಗೂ ಬಹುಮಟ್ಟಿಗೆ ಇವೇ ಲಕ್ಷಣಗಳಾದ್ದರಿಂದ, ಮನೆಯಲ್ಲಿ ದನ ಕಂದು ಹಾಕಿದೆಯೆಂಬ ಮಾತನ್ನು ರೋಗಿಯು ತಾನಾಗಿ ಹೇಳದಿದ್ದರೆ ವೈದ್ಯರಿಗೆ ಈ ಸಂಶಯವು ಬರುವುದು ಕಷ್ಟ.

ಇನ್ನು ಗರ್ಭಿಣಿಯರ ವಿಷಯ. ಇದರಲ್ಲಿ ವಿದ್ವಾಂಸರ ಅಭಿಪ್ರಾಯವು ಒಂದು ಕಾಲಕ್ಕೆ ತಪ್ಪು ದಾರಿಯಲ್ಲಿತ್ತೆಂಬುದನ್ನು ವಾಚಕರು ತಿಳಿಯಬೇಕು. ಈ ಕ್ರಿಮಿಯು ಆಕಳಿನ ಗರ್ಭಕ್ಕೇ ಏಕೆ ಹೋಗಿ ಸೇರುತ್ತದೆಂದು ಇಂಗ್ಲೆಂಡಿನ ಸಂಶೋಧಕರು ಶೋಧಿಸಿ, ಆಕಳ ಗರ್ಭದ ಕಸದಲ್ಲಿಯೂ ನೀರಿನಲ್ಲಿಯೂ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ಒಂದು ಪದಾರ್ಥವಿದೆಯೆಂದೂ, ಕ್ರಿಮಿಯು ಅದನ್ನು ಉಂಡು ವಿಪರೀತವಾಗಿ ಬೆಳೆಯುತ್ತದೆಂದೂ 1962ರಲ್ಲಿ ತಿಳಿಸಿದರು. ಕುರಿ, ಆಡು, ಹಂದಿಗಳಲ್ಲಿಯೂ ಅದು ಉಂಟು. ಸ್ತ್ರೀಯರ ಗರ್ಭದ ಮಾಸಿನಲ್ಲಿ ಅದು ಇಲ್ಲ. ಆದುದರಿಂದ ಈ ರೋಗವು ದನಗಳ ಗರ್ಭವನ್ನು ಕೆಡಿಸುವಂತೆ ಸ್ತ್ರೀಯರ ಗರ್ಭವನ್ನು ಕೆಡಿಸಲಾರದೆಂದು ವೈದ್ಯರಲ್ಲಿ ಬಹುಮಂದಿ ನಂಬಿದರು. ನೋಡುವುದಕ್ಕೆ ಯುಕ್ತಿಯುಕ್ತವಾದ ನಂಬಿಕೆಯೇ. ಆದರೆ ಆಡು ಕುರಿ ಒಂಟೆಗಳ ನಾಡಾದ ಸೌದಿ ಅರೇಬಿಯದ ಒಂದು ಆಸ್ಪತ್ರೆಯಲ್ಲಿ 1983ರಿಂದ 1995ರ ವರೆಗೆ ಈ ಜ್ವರದಿಂದ ಬಂದ 92 ಮಂದಿ ಗರ್ಭಿಣಿಯರ ದಾಖಲೆಗಳನ್ನು ತೆಗೆದು ನೋಡಿದಾಗ ಬೇರೆಯೇ ಚಿತ್ರವು ಕಂಡಿತು. ಅವರಲ್ಲಿ ನೂರಕ್ಕೆ 43ರಷ್ಟು ಜನರಿಗೆ ಮೊದಲ ಆರು ತಿಂಗಳೊಳಗೆ ಗರ್ಭಪಾತವಾಗಿತ್ತು. ನೂರಕ್ಕೆ ಇಬ್ಬರ ಶಿಶು ಕೊನೆಯ ಮೂರು ತಿಂಗಳಲ್ಲಿ ಹೊಟ್ಟೆಯಲ್ಲಿಯೇ ಸತ್ತಿತ್ತು. 2001ರಲ್ಲಿ ಪ್ರಕಟವಾದ ಈ ಲೆಕ್ಕದಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾದ ಭಾಗವು ಇನ್ನೊಂದಿದೆ: ಗರ್ಭವಿರುವಾಗಲೇ ರೋಗವನ್ನು ಗುರುತಿಸಿ ತಕ್ಕ ಔಷಧವನ್ನು ಪಡೆದವರಲ್ಲಿ ಗರ್ಭಪಾತವು ಬಹಳ ಕಡಿಮೆಯಾಗಿತ್ತು.

ಈ ಅಂಕಿಯನ್ನು ಓದಿ ಯಾರೂ ಗಾಬರಿಯಾಗಬೇಕಾದ್ದಿಲ್ಲ. ಆಸ್ಪತ್ರೆಗೆ ಬಂದವರು ಹೆಚ್ಚು ಬೇನೆಯಾದವರೇ ಆಗಿರುತ್ತಾರೆ. ಬೇರೆ ಜ್ವರಗಳಿಂದಲೂ ಗರ್ಭಪಾತವಾಗುವುದುಂಟು. ಆದರೂ ಸ್ತ್ರೀಯರಿಗೆ ಇದು ಬಾಧಿಸದೆಂಬ ಹಳೆಯ ಮಾತನ್ನು ಇನ್ನು ನಂಬುವಂತಿಲ್ಲ. ತಾಯಿಯಿಂದ ಹೊಟ್ಟೆಯ ಕೂಸಿಗೆ ರೋಗವು ದಾಟುವುದು ವಿರಳ; ದಾಟಿದ ದೃಷ್ಟಾಂತಗಳು ವೈದ್ಯಗ್ರಂಥಗಳಲ್ಲಿ ಇವೆ. ಅಂಥ ಕೂಸು ತಿಂಗಳಿಗೆ ಮೊದಲೇ ಹುಟ್ಟಬಹುದು, ತೂಕ ಕಡಿಮೆಯಿರಬಹುದು, ಜ್ವರ ಬರಬಹುದು, ಉಸಿರಾಟಕ್ಕೆ ಕಷ್ಟಪಡಬಹುದು, ಯಕೃತ್ತು ಗುಲ್ಮಗಳು ಬಾತಿರಬಹುದು.

ಗುಂಜಹಳ್ಳಿಯಲ್ಲಿ ಈ ಮಾತುಗಳನ್ನು ಹೇಳುತ್ತಿದ್ದಾಗ ಕಾಲೇಜಿನಲ್ಲಿ ಓದುತ್ತಿದ್ದ ಒಬ್ಬ ಹುಡುಗನು ಅಮೆರಿಕದ ಉಣ್ಣಿಜ್ವರದ ವಿಚಾರವನ್ನು ಎತ್ತಿದನು. ಪ್ರಶ್ನೆಯು ಒಳ್ಳೆಯದೇ. ಅಲ್ಲಿನ ಕನೆಕ್ಟಿಕಟ್ ಸಂಸ್ಥಾನದ ಲೈಮ್ ಎಂಬ ಊರಿನಲ್ಲಿ ಮಕ್ಕಳಿಗೆ ಕೀಲುಬೇನೆ ಹೆಚ್ಚಾಗಿದೆಯೆಂದು 1975ರಲ್ಲಿ ಮೊದಲು ಕೂಗೆಬ್ಬಿಸಿದವರು ಆ ಮಕ್ಕಳ ತಾಯಂದಿರೇ. ಉಣ್ಣಿಯ ಹೊಟ್ಟೆಯಲ್ಲಿನ ಕ್ರಿಮಿಯೇ ಅದಕ್ಕೆ ಕಾರಣವೆಂದು ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿದ್ವಾಂಸನ ಶೋಧದಿಂದ 1982ರಲ್ಲಿ ತಿಳಿಯಿತು. ಆ ಕ್ರಿಮಿಯು ತಾಯಿಯಿಂದ ಗರ್ಭಸ್ಥ ಶಿಶುವಿಗೆ ದಾಟಿದ ದೃಷ್ಟಾಂತವೊಂದು 1985ರಲ್ಲಿ ಪ್ರಕಟವಾಯಿತು; ಅಂದಿನಿಂದ ಗರ್ಭಿಣಿಯರಲ್ಲಿ ಅದರ ಪರಿಣಾಮವನ್ನು ಕುರಿತು ಶೋಧನೆಯು ನಡೆಯುತ್ತಲೇ ಇದೆ. ಸಕಾಲದಲ್ಲಿ ಔಷಧವಾದ ತಾಯಂದಿರ ಮಕ್ಕಳು ಸಾಮಾನ್ಯವಾಗಿ ಚೆನ್ನಾಗಿಯೇ ಹುಟ್ಟುತ್ತಾರೆಂಬುದು ಅಲ್ಲಿಯೂ ಕಂಡುಬಂದಿದೆ. ನಮ್ಮ ರಾಜ್ಯದಲ್ಲಿ ನಾಗರಹೊಳೆ ಬಂಡೀಪುರಗಳ ಅರಣ್ಯದವರ ರಕ್ತದಲ್ಲಿ ಅದರ ಗುರುತುಗಳು ಕಂಡಿವೆ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಎರೆಭೂಮಿಯಲ್ಲಿ ತಾಯಿ ಮಗುವಿನ ಮಟ್ಟಿಗೆ ನಾವು ಮೊದಲು ಅಂಜಬೇಕಾದದ್ದು ಉಣ್ಣಿಗಲ್ಲ. ನಮ್ಮ ಕೊಟ್ಟಿಗೆಯ ಕಸಕ್ಕೂ ಕಾಯಿಸದ ಹಾಲಿಗೂ. ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ.

ಇದು ದೂರದೇಶದ ಕಥೆಯೆಂದು ಯಾರೂ ತಿಳಿಯಬಾರದು. ನಮ್ಮಂತೆಯೇ ಜೋಳದ, ಕುರಿಯ, ಆಡಿನ ಸೀಮೆಯಾದ ವಿಜಯಪುರದಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನ ಡಾಕ್ಟರ್ ಮಂಟೂರ ಮತ್ತು ಅವರ ಸಹೋದ್ಯೋಗಿಗಳು ಜ್ವರದ ರೋಗಿಗಳ ರಕ್ತವನ್ನು ವರ್ಷಗಟ್ಟಲೆ ಬಿಡದೆ ಪರೀಕ್ಷಿಸಿದರು. ಕಂದುರೋಗವು ತಗಲಿದ 93 ಮಕ್ಕಳ ವಿವರವನ್ನು ಅವರು 2004ರಲ್ಲಿಯೂ, ಹದಿನಾರು ವರ್ಷಗಳಲ್ಲಿ ಕಂಡ 495 ಮಂದಿ ದೊಡ್ಡವರ ವಿವರವನ್ನು 2006ರಲ್ಲಿಯೂ ಪ್ರಕಟಿಸಿದರು. ಮಕ್ಕಳ ವಿಷಯದಲ್ಲಿ ಆಡಿನ ಹಸಿಹಾಲಿನ ಕಡೆಗೂ ಪ್ರಾಣಿಗಳ ಒಡನಾಟದ ಕಡೆಗೂ ಅವರು ಬೆರಳು ತೋರಿಸಿದ್ದಾರೆ. ಸೊರಗಿದ ಕೂಸಿಗೆ ಆಡಿನ ನೊರೆಹಾಲು ಅಮೃತವೆಂದು ನಮ್ಮ ಹಿರಿಯರು ಹೇಳುತ್ತಾರೆ. ಹಾಲು ಒಳ್ಳೆಯದೇ, ಕಾಯಿಸಿ ಕೊಟ್ಟರೆ ಅದರ ಗುಣವೇನೂ ಓಡಿಹೋಗುವುದಿಲ್ಲ. ವಿಜಯಪುರದವರು ಹುಡುಕಿದ್ದರಿಂದ ಅಲ್ಲಿ ರೋಗವು ಕಂಡಿತು. ಹುಡುಕದ ಊರಿನಲ್ಲಿ ಅದಕ್ಕೆ ಮಲೇರಿಯಾ ಎಂದೋ ಕಣ್ಣಬಿಸಿಲು ಎಂದೋ ಹೆಸರು ಬೀಳುತ್ತದೆ.

ಹೀಗಿರುವಲ್ಲಿ ಊರ ಮುಖಂಡರೂ ಜಮೀನುದಾರರೂ ಮಾಡಬೇಕಾದದ್ದೇನು? ಮೊದಲನೆಯ ಮಾತು ಖರ್ಚಿಲ್ಲದ್ದು. ಯಾವ ಮನೆಯಲ್ಲಿ ದನವಾಗಲಿ ಆಡಾಗಲಿ ಕಂದು ಹಾಕಿದೆಯೋ ಆ ಮನೆಯ ಬಸುರಿ ಹೆಂಗಸನ್ನು ಕೊಟ್ಟಿಗೆಯ ಕೆಲಸದಿಂದ ಅಂದೇ ಬಿಡಿಸತಕ್ಕದ್ದು. ಕೂಲಿಗೆ ಬರುವ ಹೆಂಗಸರಿಗೂ ಇದೇ ನಿಯಮವು ಅನ್ವಯಿಸಬೇಕು. ಯಜಮಾನನ ಸೊಸೆಯನ್ನು ಒಳಗೆ ಕೂಡಿಸಿ ಕೂಲಿಯವನ ಹೆಂಡತಿಯನ್ನು ಅದೇ ಕಸ ಬಳಿಯಲು ಕರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಿಂದ ಅಪಾಯವು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಯಿತೇ ಹೊರತು ಕಡಿಮೆಯಾಗಲಿಲ್ಲ. ಆ ಕೆಲಸವನ್ನು ಗಂಡಸರು ಮಾಡಲಿ. ಕೈಗೆ ರಬ್ಬರಿನ ಚೀಲವನ್ನೋ, ಅದಿಲ್ಲದಿದ್ದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನೋ ಕಟ್ಟಿಕೊಂಡು, ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು, ಕಂದನ್ನೂ ಕಸವನ್ನೂ ಅವು ಬಿದ್ದ ಹುಲ್ಲನ್ನೂ ನಾಯಿ ಕೆದರಲಾರದಷ್ಟು ಆಳದ ಕುಣಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ತಿಪ್ಪೆಗೂ ಹಳ್ಳಕ್ಕೂ ಎಸೆಯಕೂಡದು. ನೆಲವನ್ನು ಬ್ಲೀಚಿಂಗ್ ಪುಡಿಯಿಂದಲೋ ಫಿನಾಯಿಲಿನಿಂದಲೋ ತೊಳೆದು, ಕೈಕಾಲುಗಳನ್ನು ಸಾಬೂನಿನಿಂದ ತೊಳೆಯಬೇಕು. ನಿಂತ ಕಸವನ್ನು ಬರಿಗೈ ಹಾಕಿ ಎಳೆಯುವವರನ್ನು ಕರೆಸಬಾರದು, ಪಶುವೈದ್ಯರನ್ನು ಕರೆಸಬೇಕು.

ಹಾಲು ಉಕ್ಕಿ ಬರುವ ವರೆಗೆ ಕಾಯಬೇಕು. ಕರೆದ ಬಿಸಿಯೇ ಸಾಕೆಂಬುದು ತಪ್ಪು. ಹಸಿಹಾಲಿಗೇ ಹೆಪ್ಪು ಹಾಕಿದರೆ ಹುಳಿಯಿಂದ ಕ್ರಿಮಿಯು ಸತ್ತೀತೆಂದು ನೆಚ್ಚುವಂತಿಲ್ಲ; ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕುವ ನಮ್ಮ ಗೃಹಿಣಿಯರ ರೂಢಿಯೇ ಸರಿ.

ಹೊಲದಲ್ಲಿ ಕುರಿ ತರುಬಿಸುವ ಜಮೀನುದಾರರಿಗೆ ಒಂದು ಮಾತು. ಗೊಬ್ಬರಕ್ಕಾಗಿ ಮಂದೆಯನ್ನು ನಿಲ್ಲಿಸಿಕೊಳ್ಳುವುದು ಉತ್ತಮ ಪದ್ಧತಿ. ಅದನ್ನು ಬಿಡಬೇಕೆಂದು ವ್ಯವಸಾಯ ಇಲಾಖೆಯವನಾದ ನಾನು ಎಂದಿಗೂ ಹೇಳಲಾರೆನು. ಆದರೆ ಮಂದೆಯಲ್ಲಿ ಕುರಿಗಳು ಕಂದು ಹಾಕುತ್ತಿವೆಯೇ ಎಂದು ಕುರುಬರನ್ನು ಮೊದಲೇ ಕೇಳಿರಿ, ಬಿದ್ದ ಮರಿಗಳನ್ನು ಬದುವಿನಲ್ಲಿ ಬಿಡದೆ ಹೂಳಿಸಿರಿ. ಆ ಹೊಲಕ್ಕೆ ಮುಂದೆ ಕಳೆ ತೆಗೆಯಲು ಬರುವವರು ಹೆಂಗಸರೇ. ಕುರುಬರ ಹೆಂಗಸರಂತೂ ಬಸುರಿಯಲ್ಲಿಯೂ ಬಾಣಂತಿತನದಲ್ಲಿಯೂ ಮಂದೆಯೊಡನೆ ತಿರುಗುತ್ತಾರೆ. ಅವರಿಗೆ ಈ ಸಂಗತಿಯನ್ನು ತಿಳಿಸುವವರು ಬಹಳ ಕಡಿಮೆ.

ಬಸುರಿಗೆ ಸಂಜೆಯ ಜ್ವರವೂ ಬೆವರೂ ಇದ್ದರೆ ಅಂಗಡಿಯ ಗುಳಿಗೆಯನ್ನು ನಂಬದೆ ಆಸ್ಪತ್ರೆಗೆ ಕಳುಹಿಸಿ, "ನಮ್ಮ ಮನೆಯಲ್ಲಿ ದನ ಕಂದು ಹಾಕಿದೆ" ಎಂಬ ಒಂದು ವಾಕ್ಯವನ್ನು ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ತಪ್ಪದೆ ಹೇಳಿಸಬೇಕು. ರಕ್ತಪರೀಕ್ಷೆಯಿಂದ ರೋಗವನ್ನು ತಿಳಿಯಬಹುದು. ಔಷಧವುಂಟು, ಸಾಮಾನ್ಯವಾಗಿ ಆರು ವಾರಗಳ ವರೆಗೆ ನಡೆಯುತ್ತದೆ, ನಡುವೆ ಬಿಟ್ಟರೆ ರೋಗವು ಮರುಕಳಿಸುತ್ತದೆ. ಇತರರಿಗೆ ಕೊಡುವ ಡಾಕ್ಸಿಸೈಕ್ಲಿನ್ ಎಂಬ ಮುಖ್ಯ ಔಷಧವನ್ನು ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲವಾದ್ದರಿಂದ, ಮನೆಯ ಮತ್ತೊಬ್ಬರ ಚೀಟಿಯನ್ನು ತೋರಿಸಿ ಆಕೆಗೂ ಅದೇ ಗುಳಿಗೆ ತರುವುದು ಅಪಾಯಕರ. ಯಾವುದನ್ನು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು.

ದನಗಳಿಗೆ ಲಸಿಕೆಯಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಪ್ರಕಾರ ನಾಲ್ಕರಿಂದ ಎಂಟು ತಿಂಗಳೊಳಗಿನ ಆಕಳು ಎಮ್ಮೆಗಳ ಹೆಣ್ಣುಕರುಗಳಿಗೆ ಆಯುಷ್ಯದಲ್ಲಿ ಒಂದೇ ಸಲ ಇದನ್ನು ಹಾಕುತ್ತಾರೆ. ಗಂಡುಕರುಗಳಿಗೂ ಗಬ್ಬದ ದನಗಳಿಗೂ ಇದು ಸಲ್ಲದು; ವಯಸ್ಸು ಮೀರಿದ ಮೇಲೆ ಬಂದು ಕೇಳಿದರೆ ಪ್ರಯೋಜನವಿಲ್ಲ. ಕುರಿ ಆಡುಗಳು ಈ ಕಾರ್ಯಕ್ರಮಕ್ಕೆ ಸೇರಲಿಲ್ಲ. ಮನುಷ್ಯರಿಗೆ ಹೆಚ್ಚು ಉಗ್ರವಾದ ಕ್ರಿಮಿಯು ಅವುಗಳಲ್ಲಿಯೇ ಇರುವಾಗ ಇದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಇನ್ನೊಂದು ಎಚ್ಚರಿಕೆ. ಈ ಲಸಿಕೆಯಲ್ಲಿ ಇರುವುದು ಬಲಗುಂದಿಸಿದ, ಆದರೆ ಜೀವವುಳ್ಳ ಕ್ರಿಮಿ. ಸೂಜಿ ತಪ್ಪಿ ಚುಚ್ಚಿದರೆ ಮನುಷ್ಯರಿಗೂ ಬೇನೆಯಾಗುತ್ತದೆ. ಲಸಿಕೆಯ ದಿನ ಕರುವನ್ನು ಹಿಡಿದುಕೊಳ್ಳಲು ಬಸುರಿ ಹೆಂಗಸನ್ನು ನಿಲ್ಲಿಸಲೇಬಾರದು.

ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವ 2009ರ ಕೇಂದ್ರದ ಕಾನೂನಿನ ಪಟ್ಟಿಯಲ್ಲಿ ಕಂದುರೋಗವು ಸೇರಿದೆ. ಸಂಶಯ ಬಂದ ಕೂಡಲೇ ದನದ ಒಡೆಯನು ಗ್ರಾಮದ ಅಧಿಕಾರಿಗಾಗಲಿ ಪಂಚಾಯತಿಗಾಗಲಿ ತಿಳಿಸಬೇಕೆಂದು ಅದು ವಿಧಿಸುತ್ತದೆ; ಪಂಚಾಯತಿಯವರು ಅದನ್ನು ಹತ್ತಿರದ ಪಶುವೈದ್ಯರಿಗೆ ಬರೆದು ಕಳುಹಿಸಬಹುದು. ಪಂಚಾಯತಿಯ ಕಚೇರಿಯಲ್ಲಿ ಇದಕ್ಕೊಂದು ಪುಸ್ತಕವನ್ನಿಟ್ಟು, ಯಾವ ಓಣಿಯಲ್ಲಿ ಯಾವ ತಿಂಗಳು ಎಷ್ಟು ದನ ಕಂದು ಹಾಕಿದವೆಂದು ಬರೆಯುತ್ತ ಬಂದರೆ, ಒಂದು ವರ್ಷದಲ್ಲಿ ಊರಿನ ಸ್ಥಿತಿಯು ಕನ್ನಡಿಯಂತೆ ಕಾಣುತ್ತದೆ.

ಗುಂಜಹಳ್ಳಿಯ ಆ ಮನೆಗೆ ಪಶುವೈದ್ಯರು ಮರುದಿನವೇ ಬಂದು ರಕ್ತ ತೆಗೆದರು. ಎಮ್ಮೆಯಲ್ಲಿಯೂ ಆಕಳಿನಲ್ಲಿಯೂ ರೋಗವು ಇತ್ತು. ಸೊಸೆಯ ರಕ್ತವೂ ಹಾಗೆಯೇ ಹೇಳಿತು. ಆಕೆಯನ್ನು ಆಸ್ಪತ್ರೆಯಲ್ಲಿ ನೋಡಿ ಔಷಧವನ್ನು ಆರು ವಾರ ಬಿಡದೆ ಕೊಟ್ಟರು. ಬೇಸಿಗೆಯಲ್ಲಿ ಮತ್ತೊಮ್ಮೆ ಆ ಊರಿಗೆ ಹೋದಾಗ ಪಡಸಾಲೆಯಲ್ಲಿ ತೊಟ್ಟಿಲು ಕಟ್ಟಿತ್ತು. ತಿಂಗಳು ತುಂಬಿ ಹುಟ್ಟಿದ ಹೆಣ್ಣು ಕೂಸು. ಕೊಟ್ಟಿಗೆಯನ್ನು ತಲೆಬಾಗಿಲಿನಿಂದ ತೆಗೆದು ಹಿತ್ತಲಿನ ತಗಡಿನ ಕೆಳಗೆ ಕಟ್ಟಿದ್ದರು. ಎಮ್ಮೆಯು ಅಲ್ಲಿಯೇ ಇತ್ತು. ಸಂತೆಯ ದಲ್ಲಾಳಿಯೊಬ್ಬನು ಬಂದು ಬೆಲೆ ಕೇಳಿದನಂತೆ. ಯಜಮಾನರು ರೋಗದ ಮಾತನ್ನು ಮುಚ್ಚಿಡದೆ ಹೇಳಿದ್ದರಿಂದ ಅವನು ಅರ್ಧಕ್ಕಿಂತಲೂ ಕೆಳಗಿಳಿದನಂತೆ. "ಕೊಡಲಿಲ್ಲ" ಎಂದರು. ಆ ನಷ್ಟದ ವಿಷಯವಾಗಿ ಅವರು ನನ್ನನ್ನು ಎರಡು ಸಲ ಕೇಳಿದರು; ಅದಕ್ಕೆ ಕೊಡುವ ಉತ್ತರವು ನನ್ನಲ್ಲಿ ಇರಲಿಲ್ಲ.